ಮೇಣದ ಪಟ್ಟಿಯ ಗುರುತು

ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಪ್ಲಾಸ್ಟರ್ ಕಲಸುತ್ತಿದ್ದವನನ್ನು ಎಲ್ಲರೂ ಗಾರೆಯಣ್ಣ ಎನ್ನುತ್ತಿದ್ದರು. ಮಕ್ಕಳ ಬಾಯಿಂದ ತೆಗೆದ ಅಳತೆ, ಹಲ್ಲಿನ ಗುಳಿ ಮೂಡಿದ ಅಂಟಿನ ಮುದ್ದೆ, ಗೋಡೆಯ ಕಿಂಡಿಯಿಂದ ಒಳಗೆ ಬರುತ್ತಿತ್ತು. ಅದಕ್ಕೆ ಪ್ಲಾಸ್ಟರ್ ಹೊಯ್ದು, ಹಲ್ಲಿನ ಅಚ್ಚು ಮಾಡಿ, ಅದೇ ಕಿಂಡಿಯಿಂದ ಹೊರಗೆ ಕೊಡುತ್ತಿದ್ದ. ಊರಿನ ಅರ್ಧ ಮಕ್ಕಳ ಹಲ್ಲು ಅವನ ಕೈಗೆ ಗೊತ್ತು. ಮುಖ ಒಂದೂ ಗೊತ್ತಿಲ್ಲ.

ತನ್ನ ಮುಖ ತೋರಿಸುವ ಆಸೆ ಅವನಿಗೂ ಇರಲಿಲ್ಲ. ಕೆಳದವಡೆ ಮುಂದೆ ಚಾಚಿಕೊಂಡಿತ್ತು. ಶಾಲೆಯಲ್ಲಿ ‘ತೆರೆದ ಡ್ರಾಯರು’ ಎಂದು ಹೆಸರಿಟ್ಟಿದ್ದರು. ಏಳೆಂಟು ವಯಸ್ಸಿನಲ್ಲಿ ಯಾರಾದರೂ ಡಾಕ್ಟರಿಗೆ ತೋರಿಸಿದ್ದರೆ ಹಲ್ಲಿಗೆ ತೊಡಿಸುವ ಒಂದು ಪ್ಲೇಟು, ಕೆಲವು ತಿಂಗಳಲ್ಲಿ ಸರಿಹೋಗಬಹುದಾಗಿತ್ತು. ಬೆಳೀತಾ ಸರಿಹೋಗತ್ತೆ ಎಂದು ಅಪ್ಪ ಕೈತೊಳೆದುಕೊಂಡ. ಬೆಳೆದದ್ದು ದವಡೆ. ಮೊದಲು ನಗುವಾಗ ಬಾಯಿಗೆ ಕೈ ಅಡ್ಡ ಬಂತು, ಆಮೇಲೆ ಮಾತಾಡುವಾಗಲೂ ಬಂತು, ಕೊನೆಗೆ ಮಾತೇ ನಿಂತುಹೋಯಿತು. ಮದುವೆಯ ಮಾತುಕತೆಗೆ ಹೋದಾಗ ದವಡೆಯನ್ನು ಹಿಂದಕ್ಕೆಳೆದುಕೊಂಡು ಗಂಟೆಗಟ್ಟಲೆ ಕೂತಿದ್ದ. ಬಿಸ್ಕತ್ತು ಕಚ್ಚಿದಾಗ ಗುಟ್ಟು ರಟ್ಟಾಯಿತು. ಈಗ ಒಂದು ಕೋಣೆಯ ಮನೆ, ಒಂದು ತಟ್ಟೆ, ಒಂದು ಲೋಟ.

ಆ ಆಸ್ಪತ್ರೆಯ ರೀತಿಯೇ ಬೇರೆ. ಬೆಳಿಗ್ಗೆ ಸಹಾಯಕಿ ಅಳತೆ ತೆಗೆಯುತ್ತಾಳೆ. ಸಂಜೆ ಬರುವ ದೊಡ್ಡ ಡಾಕ್ಟರು ಮೇಜಿನ ಮೇಲಿನ ಅಚ್ಚು ನೋಡಿ ತೀರ್ಪು ಕೊಡುತ್ತಾರೆ. ಮಗು ಎದುರಿಗೇ ಬಾಯಿ ತೆರೆದು ಕೂತಿದ್ದರೂ ಅಷ್ಟೇ, ಇಣುಕಲು ಪುರುಸೊತ್ತಿಲ್ಲ. ಅದಕ್ಕಾಗಿಯೇ ಅಳತೆಯ ಜೊತೆಗೆ ಮಗು ಕಚ್ಚಿದ ಮೇಣದ ಪಟ್ಟಿಯೊಂದು ಬರಬೇಕು. ಮೇಲಿನ ಅಚ್ಚು ಕೆಳಗಿನದರ ಮೇಲೆ ಹೇಗೆ ಕೂರಬೇಕೆಂದು ಹೇಳುವ ಗುರುತು ಅದೊಂದೇ.

ಒಂದು ದಿನ ಎಂಟು ವರ್ಷದ ಹುಡುಗಿಯ ಅಳತೆ ಬಂತು, ಮೇಣ ಕಾಣಲಿಲ್ಲ. ಕಿಂಡಿಯಲ್ಲಿ ಕೇಳಬೇಕಿತ್ತು. ಕೇಳುವುದೆಂದರೆ ಮಾತಾಡುವುದು. ಅವನ ಕೈಯೇ ಅಚ್ಚನ್ನು ಕೂರಿಸಿತು, ಕೆಳದವಡೆಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, ಅವನು ದಿನವೂ ಕನ್ನಡಿಯ ಮುಂದೆ ತನ್ನದನ್ನು ಎಳೆದುಕೊಳ್ಳುವ ಹಾಗೆ. ಚೆಂದವಾಗಿ ಕೂತಿತು. ಏನೂ ತೊಂದರೆಯಿಲ್ಲ, ಹನ್ನೆರಡು ತುಂಬಿದ ಮೇಲೆ ಕರೆತನ್ನಿ ಎಂದು ಸಂಜೆ ಡಾಕ್ಟರು ಹುಡುಗಿಯ ಅಜ್ಜಿಗೆ ಹೇಳಿದ್ದು ಗೋಡೆಯಾಚೆಯಿಂದ ಕೇಳಿಸಿತು.

ಮೂರನೆಯ ದಿನ ಪ್ಲಾಸ್ಟರ್ ಚೀಲದ ಅಡಿಯಲ್ಲಿ ಮೇಣ ಸಿಕ್ಕಿತು. ಅದರ ಗುರುತಿನಂತೆ ಅಚ್ಚು ಕೂರಿಸಿ ನೋಡಿದ. ಕೆಳಗಿನ ಹಲ್ಲುಗಳು ಮುಂದೆ ಬಂದವು. ಅವನದೇ ಬಾಯಿ, ಚಿಕ್ಕದಾಗಿ.

ಡಾಕ್ಟರ ಮೇಜಿನ ಮೇಲೆ ಮೇಣವಿಟ್ಟು ವಿಷಯ ಹೇಳಿದ. ಅವರು ಫೋನಿನಿಂದ ತಲೆ ಎತ್ತಲಿಲ್ಲ. “ಅವರಾಗಿ ಬಂದಾಗ ನೋಡೋಣ. ನಾವೇ ಕರೆದು ತಪ್ಪಾಯ್ತು ಅಂದ್ರೆ ಬೋರ್ಡ್ ಇಳಿಸ್ಬೇಕಾಗತ್ತೆ.”

ಅವರಾಗಿ ಬರುವುದು ಇನ್ನು ನಾಲ್ಕು ವರ್ಷದ ಮೇಲೆ. ಅಷ್ಟರಲ್ಲಿ ಬಲಿತ ಮೂಳೆ ಯಾರ ಮಾತೂ ಕೇಳುವುದಿಲ್ಲ. ಅಳತೆ ಬಂದಿದ್ದ ಡಬ್ಬಿಯ ಮೇಲಿನ ಹುಡುಗಿಯ ಮನೆ ವಿಳಾಸ ಹಿಡಿದು ಮರುದಿನ ಹೊರಟ. ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದ. ಅಜ್ಜಿ ತೆರೆದಳು. ಬಾಯಿಗೆ ಕೈ ಅಡ್ಡ ಹಿಡಿದೇ ಎಲ್ಲವನ್ನೂ ಹೇಳಿ ಮುಗಿಸಿದ.

“ಕೈ ತೆಗೆದು ಮಾತಾಡಪ್ಪ,” ಅಂದಳು ಅಜ್ಜಿ. “ಒಂದಕ್ಷರ ಕೇಳ್ತಿಲ್ಲ.”

ತೆಗೆದ. “ತಪ್ಪು ನಂದಮ್ಮ. ನಿಮ್ಮ ಮೊಮ್ಮಗಳ ಅಚ್ಚು ತಪ್ಪಾಗಿ ಕೂರಿಸ್ಬಿಟ್ಟೆ. ಹಾಗೇ ಬಿಟ್ರೆ ಹೀಗಾಗಬಹುದು.” ಹಲ್ಲು ಕಚ್ಚಿ ತೋರಿಸಿದ.

ಅಜ್ಜಿ ನೋಟ ಬೇರೆಡೆ ತಿರುಗಿಸಿದಳು. ಅವಳ ಬೆನ್ನ ಹಿಂದಿನಿಂದ ಹುಡುಗಿ ಬಂದು, ಕತ್ತೆತ್ತಿ, ಮನಸಾರೆ ನೋಡಿದಳು. “ಮಾಮ, ಸೇಬು ಕಚ್ಚೋಕೆ ಬರತ್ತಾ?”

“ಇಲ್ಲ. ಹೆಚ್ಚಿಕೊಂಡು ತಿಂತೀನಿ.”

“ನಾನೂನೂ.”

ಮರುದಿನ ಸಂಜೆ ಅಜ್ಜಿ ಡಾಕ್ಟರ ಮೇಜಿನ ಮುಂದೆ ನಿಂತು, ಪ್ಲಾಸ್ಟರ್ ಗೊಂಬೆ ನೋಡಿದ್ದು ಸಾಕು, ಮಗೂನ ನೋಡಿ ಎಂದು ಪಟ್ಟು ಹಿಡಿದಳು. ಡಾಕ್ಟರು ನೋಡಿದರು. ಪ್ಲೇಟು ಮಾಡುವ ಕೆಲಸ ಗಾರೆಯಣ್ಣನಿಗೇ ಬಂತು. ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಬೇರೆ ಯಾರಿಗೂ ಆ ಕೆಲಸ ಬರುತ್ತಿರಲಿಲ್ಲ. ಆದರೆ ಕಿಂಡಿಗೊಂದು ಬಾಗಿಲು ಕೂರಿಸಿ, ಹೊರಗಿನಿಂದ ಚಿಲಕ ಹಾಕಿಸಿದರು.

ಎಂಟು ತಿಂಗಳ ಮೇಲೆ ಹುಡುಗಿಯ ಹೊಸ ಅಳತೆ ಬಂತು, ಮೇಣವೂ ಜೊತೆಗಿತ್ತು. ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದ. ಮೇಲಿನ ಹಲ್ಲು ಕೆಳಗಿನದರ ಮುಂದೆ ಬಂದಿತ್ತು, ಇರಬೇಕಾದ ಹಾಗೆ. ಪ್ಲಾಸ್ಟರ್ ಕಲಸಿ ಹೊಯ್ಯಲು ಶುರುಮಾಡಿದಾಗ ಗೋಡೆಯಾಚೆ ಅವಳ ದನಿ ಕೇಳಿಸಿತು. “ಆ ಮಾಮ ಎಲ್ಲಿ?”

“ಯಾವ ಮಾಮ?” ಸಹಾಯಕಿ ಹೊಸಬಳು. “ಇಲ್ಲಿ ಡಾಕ್ಟರ್ ಒಬ್ಬರೇ ಪುಟ್ಟಿ.”

ಹೊಯ್ಯುವುದನ್ನು ನಡುವೆ ನಿಲ್ಲಿಸಿದರೆ ಪ್ಲಾಸ್ಟರ್ ಗಟ್ಟಿಯಾಗಿ ಅಳತೆ ಕೆಡುತ್ತದೆ. ಅವನು ನಿಲ್ಲಿಸಲಿಲ್ಲ. ಕೈ ತೊಳೆದು ಹೊರಗೆ ಬಂದಾಗ ಕಾಯುವವರ ಬೆಂಚು ಖಾಲಿಯಿತ್ತು.