ಮೊಲದ ಹೊಟ್ಟೆ ಒತ್ತಿದ ಕೈ

ಲತಾ, ಆ ಮೊಲ ಸತ್ತದ್ದು ನಿನ್ನ ಕೈಯಿಂದಲ್ಲ, ನನ್ನ ಕೈಯಿಂದ. ಆರು ವರ್ಷದಿಂದ ಗೊತ್ತಿದ್ದೂ ಬಾಯಿ ಬಿಡಲಿಲ್ಲ — ಎದುರುಮನೆಯಲ್ಲೇ ಇದ್ದುಕೊಂಡು, ದಿನಾ ನಿನ್ನ ಮುಖ ನೋಡಿಕೊಂಡು.

ನೀನಾಗ ಚಾಮರಾಜಪೇಟೆಗೆ ಸೊಸೆಯಾಗಿ ಬಂದು ಎರಡೇ ತಿಂಗಳು. ನಿನ್ನತ್ತೆ ಸರೋಜಮ್ಮ ತಾರಸಿಯ ಮೇಲೆ ಮೊಲ ಸಾಕಿದ್ದರು; ನಿಮ್ಮ ತರಕಾರಿ ಅಂಗಡಿಯಲ್ಲಿ ಉಳಿದ ಹೂಕೋಸಿನ ಎಲೆ, ಮೂಲಂಗಿ ಸೊಪ್ಪೆಲ್ಲ ಅವಕ್ಕೆ. ಗಂಡಿನ ಜೊತೆ ಬಿಟ್ಟು ಎರಡು ವಾರವಾದ ಮೇಲೆ ಹೆಣ್ಣುಮೊಲದ ಹೊಟ್ಟೆ ಮುಟ್ಟಿ ಗಬ್ಬವೋ ಅಲ್ಲವೋ ಹೇಳುತ್ತಿದ್ದವಳು ನಾನು. ಶಾಂತಕ್ಕನ ಬೆರಳು ತಪ್ಪುವುದಿಲ್ಲ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಆ ಜಂಬ — ಥೂ, ಅದಕ್ಕೆ ಬೆಂಕಿ ಬೀಳ!

ಅವತ್ತು ನೀನೇ ಮೊಲವನ್ನು ಗೂಡಿನಿಂದ ತೆಗೆದು, ಎದೆಗವಚಿಕೊಂಡು ತಂದು, ನನ್ನ ಮುಂದೆ ಗೋಣಿಚೀಲದ ಮೇಲೆ ಕೂರಿಸಿದೆ. ಎಷ್ಟು ಜೋಪಾನವಾಗಿ! ನಾನು ಹೊಟ್ಟೆಯಡಿ ಕೈಹಾಕಿದೆ. ಮರಿಯಿದ್ದರೆ ದ್ರಾಕ್ಷಿಯಂಥ ಉಂಡೆಗಳು ಬೆರಳಿಗೆ ಜಾರುತ್ತವೆ. ಮೆಲ್ಲಗೆ, ಒಂದೇ ಸಲ ಮುಟ್ಟಬೇಕು, ತಿಳಿಯದಿದ್ದರೆ ಬಿಟ್ಟುಬಿಡಬೇಕು. ನನಗೆ ತಿಳಿಯಲಿಲ್ಲ.

"ಏನೇ ಶಾಂತಾ, ಇದ್ಯಾ ಇಲ್ವಾ? ಬೇಗ ಹೇಳೇ," ಎಂದರು ಸರೋಜಮ್ಮ.

ಗೊತ್ತಾಗ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಇನ್ನೊಮ್ಮೆ ಒತ್ತಿದೆ. ಮತ್ತೊಮ್ಮೆ, ಬಲವಾಗಿ — ಒಳಗೆ ಏನೋ ಪಿಚಕ್ಕೆಂದಿತು. ಒದೆಯುತ್ತಿದ್ದ ಮೊಲ ಸುಮ್ಮನಾಗಿ ನಡುಗತೊಡಗಿತು. ಒಳಗಿನ ಮರಿಗೆ ಪೆಟ್ಟಾಯಿತೆಂದು ಆಗಲೇ ನನಗೆ ಗೊತ್ತಾಯಿತು. "ಇದೆ, ಗಬ್ಬ ನಿಂತಿದೆ," ಎಂದೆ. ನಗುತ್ತಲೇ ಎಂದೆ.

ಮರುದಿನ ಗೂಡಿನ ತುಂಬ ರಕ್ತ. ಮಧ್ಯಾಹ್ನದೊಳಗೆ ಮೊಲ ಸತ್ತಿತು. ಸರೋಜಮ್ಮ ನನ್ನನ್ನು ಕರೆಸಿ ಏನಾಯಿತೆಂದು ಕೇಳಿದರು. ಹಿಂದಿನ ದಿನ ಅದನ್ನು ಮುಟ್ಟಿದವರು ಇಬ್ಬರೇ — ನೀನು, ನಾನು. ನನ್ನ ಬಾಯಿಂದ ಬಂದೇಬಿಟ್ಟಿತು: "ಲತಾ ಎತ್ಕೊಂಡಿದ್ದು ಸರಿಯಿರ್ಲಿಲ್ಲ ಸರೋಜಮ್ಮ. ಗಟ್ಟಿಯಾಗಿ ಅವುಚ್ಕೊಂಡ್ಬಿಟ್ಳು."

"ಗಬ್ಬದ ಜೀವಾನ ಕೊಂದ್ಯಲ್ಲೇ! ಇನ್ಮೇಲೆ ಯಾವ್ದನ್ನೂ ಮುಟ್ಬೇಡ. ನಿನ್ನ ಕೈಗುಣಾನೇ ಸರಿಯಿಲ್ಲ," ಎಂದರು ನಿನ್ನತ್ತೆ. ನೀನು ಅಳಲಿಲ್ಲ. ನನ್ನನ್ನೇ ನೋಡಿದೆ — ಶಾಂತಕ್ಕ ಏನಾದರೂ ಹೇಳಿಯಾಳು ಎಂದು. ನಾನು ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದೆ.

ನೀನು ಮರೆತಿರಬಹುದು ಎಂದು ಇಷ್ಟು ದಿನ ನನಗೆ ನಾನೇ — ಇಲ್ಲ, ಮರೆತಿಲ್ಲ. ಮೊನ್ನೆ ನಿನ್ನ ನಾದಿನಿಯ ಮಗುವಿನ ನಾಮಕರಣದಲ್ಲಿ ಕೂಸನ್ನು ನಿನ್ನ ಮಡಿಲಿಗೆ ಕೊಡಲು ಬಂದಾಗ ನೀನು ಎರಡೂ ಕೈ ಹಿಂದಕ್ಕೆಳೆದುಕೊಂಡೆ. "ಬೇಡ, ನನ್ನ ಕೈಗುಣ ಸರಿಯಿಲ್ಲ," ಎಂದೆ. ಹಾಗೆಲ್ಲ ಅನ್ನಬೇಡ ಎಂದು ಯಾರೂ ಹೇಳಲಿಲ್ಲ. ನಾನೂ ಅಲ್ಲೇ ಕೂತಿದ್ದೆ, ಹೋಳಿಗೆ ತಿನ್ನುತ್ತ.

ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನಿನ್ನತ್ತೆ, ನಾದಿನಿ, ಎಲ್ಲರೆದುರು ಹೇಳುತ್ತೇನೆ. ನೀನು ನನ್ನನ್ನು ಕ್ಷಮಿಸಬೇಕಿಲ್ಲ ಲತಾ. ಆ ಕೂಸನ್ನು ಎತ್ತಿಕೋ.