ದಕ್ಷಿಣದ ಬಾಗಿಲಿನ ಅಯ್ನೋರು

ನಮ್ಮ ಅಯ್ನೋರ ಹಣೆಯ ವಿಭೂತಿಗಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅವರ ಕಿವಿಯೊಳಗಿನ ಕೂದಲು. ಎರಡೂ ಕಿವಿಯಿಂದ ಬೆಳ್ಳಗೆ, ಗರಿಕೆ ಹುಲ್ಲಿನಂತೆ ಹೊರಗೆ ಚಾಚಿಕೊಂಡಿರುತ್ತಿತ್ತು. ಕತ್ತರಿಸಿಕೊಳ್ಳಿ ಅಂದವರಿಗೆ, "ಬ್ಯಾಡಾದ ಮಾತು ಒಳಗ ಬರಬಾರ್ದಂತ ಬೇಲಿ ಹಾಕೀನಿ" ಅನ್ನುತ್ತಿದ್ದರು. ಕಂಪ್ಲಿಯ ಹೊಳೆದಂಡೆಯ ನಮ್ಮ ಓಣಿಗೆ ಅವರೇ ಹಿರಿಯರು. ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಹೊಸ ಮನೆ ಹೊಗುವವರೆಗೆ ಎಲ್ಲದಕ್ಕೂ ಅವರು ಪಂಚಾಂಗ ತೆರೆಯಬೇಕು. ಬಾಯಿ ಮಾತ್ರ ಭಾಳ ಜೋರು. ನಾನು ಹೊಸ ಸೊಸೆಯಾಗಿ ಬಂದು ಬಡಿದ ಮೊದಲ ರೊಟ್ಟಿಯನ್ನು ಎತ್ತಿ ಹಿಡಿದು, "ಇದರಾಗ ಕುಂತು ಹೊಳಿ ದಾಟಬಹುದು ನೋಡು ತಂಗಿ" ಅಂದಿದ್ದರು. ಪಾಪ, ತಿಂದು ಮುಗಿಸಿದರು ಅನ್ನಿ.

ಅದರ ಮರುವರ್ಷವೇ ಡ್ಯಾಮಿನ ಗೇಟುಗಳನ್ನೆಲ್ಲ ಎತ್ತಿದರು. ಮೊದಲೇ ಡಂಗುರ ಹೊಡೆಸಿದ್ದರಿಂದ ಜೀವ ಉಳಿಯಿತು, ಮನೆ ಉಳಿಯಲಿಲ್ಲ. ಮಣ್ಣಿನ ಗೋಡೆಯ ಮಾಳಿಗೆ ಮನೆಗಳು ನೀರಲ್ಲಿ ಕೂತಲ್ಲೇ ಕರಗಿದವು. ಶಾಲೆಯಲ್ಲಿ ಗಂಜಿ ಕೇಂದ್ರ ತೆರೆದರು. ರೈಸ್ ಮಿಲ್ಲಿನವರು ನುಚ್ಚು ಕಳಿಸಿದರು, ಮೇಲಿನ ಓಣಿಯವರು ಹೊದೆಯಲು ಕೌದಿ ಕೊಟ್ಟರು. ಸರ್ಕಾರವನ್ನು ಬೈಯುವುದು ಸುಲಭ; ಆದರೆ ಆಗಿನ ತಹಶೀಲ್ದಾರರು ಬೇಸಿಗೆ ಮುಗಿಯುವುದರೊಳಗೆ ಊರಾಚೆಯ ದಿನ್ನೆಯ ಮೇಲೆ ಎದುರಾಬದುರಾಗಿ ಎರಡು ಸಾಲು ಕಲ್ಲಿನ ಮನೆ ಎಬ್ಬಿಸಿಬಿಟ್ಟರು. ಜಗಳ ಬರಬಾರದೆಂದು ಚೀಟಿ ಎತ್ತಿ ಹಂಚಿದರು.

ಅಲ್ಲೇ ಎಡವಟ್ಟಾಯಿತು ನೋಡಿ. ಎದುರಾಬದುರು ಅಂದ ಮೇಲೆ ಒಂದು ಸಾಲಿನ ಬಾಗಿಲು ಉತ್ತರಕ್ಕೆ, ಇನ್ನೊಂದರದು ದಕ್ಷಿಣಕ್ಕೆ. ದಕ್ಷಿಣ ಅಂದರೆ ಯಮನ ದಿಕ್ಕು! ಉತ್ತರದ ಬಾಗಿಲು ಸಿಕ್ಕವರು ಹಾಲುಕ್ಕಿಸಿ ಒಳಗೆ ಹೋದರು. ದಕ್ಷಿಣದ್ದು ಸಿಕ್ಕವರು ಆ ಮನೆಗಳಿಗೆ ಮೇವು ತುಂಬಿ, ತಾವು ಹಳೇ ಓಣಿಯಲ್ಲೇ ಬಿದಿರಿನ ತಟ್ಟಿ ಕಟ್ಟಿಕೊಂಡು ಕೂತರು. ನಮಗೂ ದಕ್ಷಿಣದ್ದೇ ಬಂದಿತ್ತು. ನಾನಾಗ ಚೊಚ್ಚಲ ಬಸುರಿ. ಮತ್ತೆ ಮಳೆಗಾಲ ಹತ್ತಿರ ಬಂದಿತ್ತು. ಹೊಳೆಯ ಸಪ್ಪಳ ಸ್ವಲ್ಪ ಏರಿದರೂ ನಾನು ಹೊಟ್ಟೆ ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದೆ. ಮೇಲೆ ಹೋಗೋಣ ಅಂದರೆ ನಮ್ಮತ್ತೆ, "ಬಸುರಿ ಹೆಣ್ಮಗಳನ್ನ ಯಮನ ಬಾಯಾಗ ನಾನೇ ಇಡ್ಲೇನು?" ಅನ್ನುತ್ತಿದ್ದರು.

ಅಯ್ನೋರಿಗೆ ಉತ್ತರದ ಮನೆ ಸಿಕ್ಕಿತ್ತು. ಹೆಂಡತಿ ತೀರಿಕೊಂಡ ಒಂಟಿ ಜೀವ. ಒಂದು ದಿನ ಅತ್ತೆ ನನ್ನನ್ನೂ ಕರೆದುಕೊಂಡು ಹೋಗಿ ಅವರೆದುರು ಸೆರಗೊಡ್ಡಿದರು. "ನಮ್ಮ ಮನಿ ನೀವು ತಗೊಂಡು ನಿಮ್ದು ನಮಗ ಕೊಡ್ರಿ ಅಯ್ನೋರ, ಹುಟ್ಟೋ ಕೂಸಿನ ಸಲುವಾಗಿ."

"ಕೊಡೂದಿಲ್ಲ" ಅಂದರು ಅಯ್ನೋರು.

ಅತ್ತೆಗೆ ಸಿಟ್ಟು ನೆತ್ತಿಗೇರಿತು. "ಹಳೇ ಮನಿಯಾಗ ನಮ್ಮ ದಕ್ಷಿಣದ ಬಾಗ್ಲ ಮುಚ್ಚಿಸಿ ಉತ್ತರಕ್ಕ ಒಡೆಸಿದವ್ರು ಯಾರ್ರೀ? ನೀವೇ ಅಲ್ಲೇನು?"

ಅಯ್ನೋರು ತಲೆ ತಗ್ಗಿಸಿ ಕೂತರು. ಆಮೇಲೆ ಮೆಲ್ಲಗೆ ಅಂದರು: "ಹೌದವಾ, ನಾನೇ. ಆ ಬಾಗ್ಲದಾಗ ಲಕ್ಷ್ಮಿ ಬರ್ತಾಳ ಅಂದಿದ್ದೆ. ಬಂದಿದ್ದೇನು? ಹೊಳಿ! ನಮ್ಮ ಹೊಳಿ ಇರೂದೇ ಉತ್ತರಕ್ಕ."

ಅಯ್ನೋರು ಅತ್ತೆಯ ಕಡೆ ತಿರುಗಿ ಮಾತು ಮುಂದುವರಿಸಿದರು.

"ನನ್ನ ಮನಿ ನಿನಗ ಕೊಟ್ರ ನಿನ್ನ ಸೊಸಿ ಉಳೀತಾಳ. ಉಳಿದ ಮಂದಿ ಅಲ್ಲೇ ಕೆಳಗ ಕುಂತು ಮುಳುಗ್ತಾರ. ಅದಕ್ಕ ನಾನೇ ಆ ಸಾಲಿಗೆ ಬರ್ತೀನಿ, ನಿಮ್ಮ ಬಾಜೂಕ. ಯಮ ಬಂದ್ರ ಮೊದಲು ನನ್ನ ಬಾಗ್ಲ ಬಡೀಲಿ."

ಅಂದಂತೆಯೇ ಮಾಡಿದರು. ನಮ್ಮ ಪಕ್ಕದ ಮನೆ ಸಿಕ್ಕಿದ್ದ ಮಿಲ್ಲಿನ ಹಮಾಲನಿಗೆ ತಮ್ಮ ಉತ್ತರದ ಮನೆ ಬಿಟ್ಟುಕೊಟ್ಟರು. ಅವನು ಬ್ಯಾಡ್ರಿ ಬ್ಯಾಡ್ರಿ ಅಂತ ಕಾಲಿಗೆ ಬಿದ್ದ. ತಹಶೀಲ್ದಾರರು ಒಪ್ಪಿಗೆ ಕೊಟ್ಟರು. ಅಯ್ನೋರು ಆ ಮನೆಯ ಮೇವನ್ನು ತಾವೇ ಎಳೆದು ಹೊರಹಾಕಿ ಕಸ ಹೊಡೆದರು. ಯಾರೋ ಮುಹೂರ್ತ ಕೇಳಿದರೆ ಕಪ್ಪಾದ ಮುಗಿಲು ತೋರಿಸಿ, "ಅದನ್ನ ಕೇಳು, ಹೇಳ್ತದ" ಅಂದರು. ಹಾಲು ಉಕ್ಕಿತು. ಮೊದಲ ಲೋಟ ನೋಡಲು ಬಂದಿದ್ದ ತಹಶೀಲ್ದಾರರಿಗೆ, ಎರಡನೆಯದು ನನಗೆ.

ನಮ್ಮತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಬಲಗಾಲಿಟ್ಟು ನಮ್ಮ ಮನೆ ಹೊಕ್ಕರು. ಆಮೇಲೆ ಒಬ್ಬೊಬ್ಬರೇ ಟ್ರಂಕು, ಒರಳು, ಕುರಿಮರಿ ಹೊತ್ತುಕೊಂಡು ದಿನ್ನೆ ಹತ್ತಿದರು. ಕೊನೆಯವರು ಬರುವಾಗ ಮಳೆ ಹಿಡಿದಿತ್ತು.

ಹೊಳೆ ಆ ವರ್ಷವೂ ಬಂತು. ಹಳೇ ಓಣಿ ಪೂರಾ ಮುಳುಗಿತು. ನಾವೆಲ್ಲ ಮನೆಯ ಹಿಂದೆ ನಿಂತು ಕೆಳಗೆ ನೋಡಿದೆವು. ತಟ್ಟಿಗಳು ತೇಲಿಹೋದವು, ಒಂದೇ ಒಂದು ಜೀವ ಅಲ್ಲಿರಲಿಲ್ಲ. ನನ್ನ ಮಗಳು ಹುಟ್ಟಿದ್ದು ಅದೇ ವಾರ, ಆ ದಕ್ಷಿಣದ ಬಾಗಿಲಿನ ಮನೆಯಲ್ಲೇ. ಅಯ್ನೋರು ಹೊಸ್ತಿಲಲ್ಲಿ ನಿಂತು, "ಅಯ್ಯಯ್ಯ, ಯಮನ ಬಾಯಾಗಿಂದ ಎಂಥ ಗುಂಡನೆಯ ಕೂಸು ಬಂತಲೇ!" ಅಂತ ಓಣಿಗೆಲ್ಲ ಕೇಳುವ ಹಾಗೆ ಕೂಗಿದರು. ಅತ್ತೆ ಬೈಯುತ್ತಲೇ ದೃಷ್ಟಿ ತೆಗೆದರು.

ಆ ಮನೆಯಲ್ಲಿ ಅವರು ಭಾಳ ವರ್ಷ ಬಾಳಿದರು. ಯಾರಾದರೂ ಕೆಣಕಿದರೆ, "ಯಮ ಬಂದ್ರ ಕಟ್ಟಿ ಮ್ಯಾಲ ಕುಂದ್ರಸ್ರಿ, ಪೂಜಾ ಮುಗಿಸಿ ಬರ್ತೀನಿ" ಅನ್ನುತ್ತಿದ್ದರು. ಹಾಗೆಯೇ ಆಯಿತು. ನನ್ನ ಮಗಳ ಮದುವೆಯಾದ ವರ್ಷ, ಒಂದು ಬೆಳಿಗ್ಗೆ ಪೂಜೆ ಮುಗಿಸಿ ಗೋಡೆಗೊರಗಿದವರು ಲಿಂಗೈಕ್ಯರಾದರು. ಹಣೆಯ ವಿಭೂತಿ ಇನ್ನೂ ಹಸಿಯಿತ್ತು. ನಾನು ನನ್ನ ತಂದೆಗೂ ಅಷ್ಟು ಅತ್ತಿರಲಿಲ್ಲ. ನನ್ನ ಮಗಳ ಜೀವ ಅವರ ಋಣ, ಅದು ತೀರುವಂಥದ್ದಲ್ಲ.

ರೂಢಿಯಂತೆ ಅವರನ್ನು ಕೂರಿಸಿ, ಹೂವಿಂದ ಸಿಂಗರಿಸಿ, ಆ ಬಾಗಿಲಿಂದಲೇ ಹೊರಗೆ ತಂದರು. ಸಾವಿನ ಮೆರವಣಿಗೆ ಹೋಗುವಾಗ ನಮ್ಮಲ್ಲಿ ಮನೆಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಆದರೆ ಅವತ್ತು ಮುದುಕಿಯಾಗಿದ್ದ ನಮ್ಮತ್ತೆ ಕೋಲೂರಿಕೊಂಡು ಎದ್ದು ಬಂದು, ನಮ್ಮ ಬಾಗಿಲಿನ ಎರಡೂ ಕದ ಹಾರುಹೊಡೆದು ನಿಂತರು. ಅವರನ್ನು ನೋಡಿ ಪಕ್ಕದವರು ತೆರೆದರು, ಅವರನ್ನು ನೋಡಿ ಅದರಾಚೆಯವರು. ಅಯ್ನೋರು ಹಾದುಹೋಗುವಾಗ ದಕ್ಷಿಣದ ಸಾಲಿನ ಒಂದು ಬಾಗಿಲೂ ಮುಚ್ಚಿರಲಿಲ್ಲ.