ಮಾಸ್ತರರ ಕೈ ತಪ್ಪಿದ ಇತಿಹಾಸ ಪಾಠ

ನಮ್ಮವರು ತೀರಿಕೊಂಡು ಏಳು ತಿಂಗಳಾಯಿತು. ಊರಿಗೆ ಅವರು ಚಂದಯ್ಯ ಮಾಸ್ತರರು. ಬಸ್ರೂರಿನ ಹತ್ತಿರದ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದರು. ಕೊನೆಯ ಹತ್ತು ವರ್ಷ ಒಂದನೇ ಕ್ಲಾಸಿಗೆ ಮಗ್ಗಿ ಹೇಳಿಕೊಟ್ಟರು. ಮಗ್ಗಿ ಅವರ ಪಾಠವಲ್ಲ. ಅವರ ಪಾಠ ಇತಿಹಾಸ.

ಐವತ್ತಾರರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿತು. ಬಾವಿ, ಗದ್ದೆ, ಹೊಳೆ ಎಲ್ಲ ಇದ್ದಲ್ಲೇ ಇದ್ದವು. ಪುಸ್ತಕದ ರಾಜರು ಮಾತ್ರ ಬದಲಾದರು. ಹೊಸ ರಾಜರನ್ನು ಇವರು ಮಕ್ಕಳಿಗಿಂತ ಒಂದು ಪುಟ ಮುಂದೆ ಓದಿಕೊಂಡು ಹೋಗುತ್ತಿದ್ದರು. ಕ್ಲಾಸಿನಲ್ಲಿ ಪುಸ್ತಕ ತೆರೆಯುತ್ತಿರಲಿಲ್ಲ. ತಾಳಮದ್ದಳೆಯ ಹಾಗೆ ಪಾಠ. ಅರ್ಧ ಮಕ್ಕಳು ಒಬ್ಬ ರಾಜನ ಕಡೆ, ಅರ್ಧ ಇನ್ನೊಬ್ಬನ ಕಡೆ. ವಾದ ಮಾಡಬೇಕು. ಸೋತ ರಾಜನ ಪರವಾಗಿ ಚೆನ್ನಾಗಿ ಮಾತಾಡಿದವನಿಗೆ ಹೆಚ್ಚು ಅಂಕ.

ಶಾಲೆಯ ಮೇನೇಜರು ಶೀನ ಹೆಗ್ಡೆಯವರು. ಶಾಲೆ ಅವರದ್ದು, ಊರಿನ ಮುಕ್ಕಾಲು ಗದ್ದೆಯೂ ಅವರದ್ದು. ಅವರಿಗೂ ತಾಳಮದ್ದಳೆಯ ಹುಚ್ಚಿತ್ತು. ಭಾಗವತರು ಪದ ಹೇಳುತ್ತಾರೆ, ವೇಷವಿಲ್ಲದೆ ಕೂತವರು ತಮ್ಮ ತಮ್ಮ ಪಾತ್ರದ ಪರವಾಗಿ ಮಾತಿಗೆ ಮಾತು ಕೊಡುತ್ತಾರೆ. ಅಲ್ಲಿ ಆಡಿದ್ದನ್ನು ಯಾರೂ ಮನೆಗೆ ಹೊತ್ತುಕೊಂಡು ಹೋಗಬಾರದು. ಅದು ಕ್ರಮ.

ಅರುವತ್ತರಲ್ಲಿ ಹೆಗ್ಡೆಯವರು ತಾಲೂಕು ಬೋರ್ಡಿಗೆ ನಿಂತರು. ಭಾಷಣಕ್ಕೆ ಜನ ಬರುವುದಿಲ್ಲ, ತಾಳಮದ್ದಳೆಗೆ ಬರುತ್ತಾರೆ ಎಂದು ಅವರಿಗೆ ಗೊತ್ತಿತ್ತು. ವೋಟಿಗೆ ಎಂಟು ದಿನ ಇರುವಾಗ, ಒಂದು ಭಾನುವಾರ ಊಟದ ಮೇಲೆ, ಶಾಲೆಯಲ್ಲೇ ಕೂಟ ಇಟ್ಟರು. ರಾಯಭಾರದ ಕಥೆ, ವೋಟಿಗೆ ಬೇಕಾದ ಹಾಗೆ ತಿದ್ದಿದ್ದು. ಬಡ ಪ್ರಜೆಗಳಿಗಾಗಿ ರಾಜ್ಯ ಕೇಳಲು ಬರುವ ರಾಯಭಾರಿ ಹೆಗ್ಡೆಯವರು. ಕೊಡದ ರಾಜ ನಮ್ಮವರು.

ಹೆಗ್ಡೆಯವರು ಅರ್ಧ ಗಂಟೆ ಪ್ರಜೆಗಳ ಕಷ್ಟ ಹೇಳಿದರು. ಹೆಂಗಸರಲ್ಲಿ ಕೆಲವರು ಕಣ್ಣೊರೆಸಿಕೊಂಡರು. ನಮ್ಮವರು ಎಲ್ಲ ಕೇಳಿ ಒಂದೇ ಮಾತು ಹೇಳಿದರು.

“ಪ್ರಜೆಗಳಿಗಾಗಿ ರಾಜ್ಯ ಕೇಳುತ್ತೀಯಲ್ಲ, ರಾಯಭಾರಿ. ಅವರಲ್ಲಿ ನಾಲ್ಕು ಮಂದಿಯ ಹೆಸರು ಹೇಳು.”

ಹೆಗ್ಡೆಯವರು ಎದುರು ಕೂತವರನ್ನು ನೋಡಿದರು. ಎಲ್ಲ ಅವರ ಒಕ್ಕಲು. ಅವರನ್ನು ಹೊಳೆಬದಿಯವ, ಮೂಡುಮನೆಯವ ಎಂದು ಕರೆದೇ ಅವರಿಗೆ ರೂಢಿ. ಒಂದು ಹೆಸರು ಬಂತು. ಎರಡನೆಯದು ಬರಲಿಲ್ಲ. ಹಿಂದೆ ಕೂತಿದ್ದ ಕರಿಯ ಎದ್ದು ನಿಂತ. ಸಹಾಯ ಮಾಡುವ ಮನಸ್ಸಿನಿಂದಲೇ ಎದ್ದದ್ದು.

“ನನ್ ಹೆಸ್ರ್ ಕರಿಯ, ಒಡೇರೆ. ಬೇಕಾರೆ ಹೇಳಿ.”

ಕೂತವರೆಲ್ಲ ನಕ್ಕ ಆ ನಗೆ ಹೊಳೆಯ ಆಚೆಗೂ ಕೇಳಿರಬೇಕು.

ಎಂತಕ್ಕೆ ಹಾಗೆ ಕೇಳಿದಿರಿ ಎಂದು ಮನೆಯಲ್ಲಿ ವಿಚಾರಿಸಿದೆ. ಅಷ್ಟೂ ಕೇಳದಿದ್ದರೆ ಅವನೆಂಥ ರಾಜ ಎಂದರು. ತಮ್ಮ ವೋಟು ಹೆಗ್ಡೆಯವರಿಗೇ ಎಂದರು, ಹಾಗೆಯೇ ಹಾಕಿಯೂ ಬಂದರು. ಇನ್ನೂರು ವರ್ಷ ಹಿಂದಿನದು ಅವರಿಗೆ ಕಾಣುತ್ತಿತ್ತು. ಎದುರಿಗೆ ನಡೆಯುವುದು ಕಾಣುತ್ತಿರಲಿಲ್ಲ.

ಹೆಗ್ಡೆಯವರು ಹನ್ನೊಂದು ವೋಟಿನಲ್ಲಿ ಸೋತರು. ನಾನು ಅವರಿಗೆ ಹಾಕಿರಲಿಲ್ಲ. ರಾಜ ಕೇಳಿದ್ದು ನನಗೆ ಸರಿ ಕಂಡಿತ್ತು. ಮನೆಯಲ್ಲಿ ಹೇಳಲಿಲ್ಲ.

ಜೂನಿನಲ್ಲಿ ಶಾಲೆ ಸುರುವಾದಾಗ ಇತಿಹಾಸ ಬೇರೆ ಮಾಸ್ತರರಿಗೆ ಹೋಯಿತು. ಅವರು ಪುಸ್ತಕ ಓದುತ್ತಿದ್ದರು, ಮಕ್ಕಳು ತೂಕಡಿಸುತ್ತಿದ್ದರು. ನಮ್ಮವರಿಗೆ ಎರಡೊಂದ್ಲಿ ಎರಡು. ಹೆಗ್ಡೆಯವರು ಹೇಳಿ ಕಳಿಸಿದರು: ಇನ್ನೊಂದು ಕೂಟ ಆಗಲಿ, ಅದೇ ಕಥೆ, ಈ ಸಲ ರಾಜ ತಪ್ಪಾಯಿತೆಂದು ರಾಜ್ಯ ಕೊಡಲಿ. ಇತಿಹಾಸ ವಾಪಸು.

ಒಪ್ಪಿಕೊಳ್ಳಿ ಎಂದು ನಾನೂ ಹೇಳಿದೆ.

“ಆ ರಾಜ ಕೊಡೂದಿಲ್ಲ,” ಎಂದರು. “ನಾನ್ ಕೊಟ್ರೆ, ನಾಳೆ ಮಕ್ಳ ಎದ್ರ್ ನಿಂತ್ಕಂಡ್ ಎಂತ ಪಾಠ ಮಾಡೂದ್?”

ಆಮೇಲೆ ಅವರ ಮಾತೇ ಕಡಿಮೆಯಾಯಿತು. ಗಂಜಿಯ ಎದುರು ಕೂತರೆ ಕೂತೇ ಇರುತ್ತಿದ್ದರು. ನನಗೆ ನೋಡಲಾಗಲಿಲ್ಲ. ಹೇಳದೆ ಹೆಗ್ಡೆಯವರ ಮನೆಗೆ ಹೋದೆ.

“ನಿಮ್ಗೆ ವೋಟ್ ಹಾಕ್ದಿದ್ದದ್ ನಾನ್, ಹೆಗ್ಡೇರೆ. ಅವ್ರ್ ಹಾಕಿರ್. ಸಿಟ್ಟ್ ನನ್ ಮೇಲೆ ಮಾಡಿ. ಅವ್ರ ಪಾಠ ಅವ್ರಿಗೆ ಕೊಡಿ.”

ಹೆಗ್ಡೆಯವರು ಸಿಟ್ಟಾಗಲಿಲ್ಲ. ಒಳಗಿಂದ ಕಾಫಿ ತರಿಸಿದರು.

“ಗಂಡ ಹೇಳ್ದೆ ಹೆಂಗ್ಸ್ರ್ ವೋಟ್ ಹಾಕೂದ್ ಇತ್ತಾ, ಗಿರಿಜಾ? ನಿಂಗೆ ಹಾಂಗ್ ಹಾಕೂಕೆ ಹೇಳದ್ದೂ ಅವ್ನೇ. ನಂಗೆ ಅನುಮಾನ ಇದ್ದಿತ್. ಈಗ ಖಾತ್ರಿ ಆಯ್ತ್.”

ನಿಜ ಹೇಳಲು ಹೋಗಿ ಇದ್ದ ಒಂದು ದಾರಿಯನ್ನೂ ಮುಚ್ಚಿ ಬಂದೆ. ಕಾಫಿ ಚೆನ್ನಾಗಿತ್ತು.

ಮನೆಗೆ ಬಂದು ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಹಾಗಾದರೆ ಯಾರಿಗೆ ಹಾಕಿದ್ದೆ ಎಂದು ಕೇಳಿದರು. ಹೇಳಿದೆ.

“ಅವ್ನಿಗೂ ನಾಲ್ಕ್ ಹೆಸ್ರ್ ಗೊತ್ತಿಲ್ಲೆ ಮಾರಾಯ್ತಿ,” ಎಂದು ನಕ್ಕರು. ಆ ಜೂನಿನಲ್ಲಿ ಅದೇ ಮೊದಲು ನಕ್ಕದ್ದು.

ಮರುದಿನ ಸಂಜೆ ಇತಿಹಾಸದ ಪುಸ್ತಕ ಹಿಡಿದುಕೊಂಡು ಅಡಿಗೆ ಮನೆಯ ಹೊಸ್ತಿಲ ಮೇಲೆ ಕೂತರು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೀನು ಕೊಯ್ಯುತ್ತಾ ಕೇಳಿದೆ. ಸೋತ ರಾಜನ ಪಕ್ಷ ಯಾವಾಗಲೂ ನನಗೇ ಕೊಡುತ್ತಿದ್ದರು. ನಾನು ಕೊಟ್ಟ ಉತ್ತರಕ್ಕೆ ಒಮ್ಮೊಮ್ಮೆ ಅವರೇ ಎದ್ದು ಹೋಗಿ ಬೇರೆ ಪುಸ್ತಕ ನೋಡಬೇಕಾಗುತ್ತಿತ್ತು. ಹೀಗೆ ಹತ್ತು ವರ್ಷ. ಹಗಲು ಮಗ್ಗಿ, ಸಂಜೆ ಒಬ್ಬಳ ಕ್ಲಾಸು.

ಹೋದ ಫಾಲ್ಗುಣದಲ್ಲಿ ಒಂದು ಸಂಜೆ ಇಬ್ಬರು ರಾಜರ ಸೈನ್ಯ ಹೊಳೆಯ ಎರಡು ದಡದಲ್ಲಿ ನಿಂತಿತ್ತು. ನಾಳೆ ದಾಟಿಸುವ ಎಂದು ಎದ್ದರು. ಬೆಳಿಗ್ಗೆ ಏಳಲಿಲ್ಲ.

ಪುಸ್ತಕ ಇಲ್ಲೇ ಇದೆ. ಒಂದು ಪುಟ ತಿರುಗಿಸಿದರೆ ಯಾರು ಗೆದ್ದರೆಂದು ಗೊತ್ತಾಗುತ್ತದೆ. ತಿರುಗಿಸಿಲ್ಲ.